ಅಂತರ್ಜಲದ ಪಾಠವನ್ನು ಮಕ್ಕಳಿಗೆ ಗೊತ್ತಿರುವುದರಿಂದ ಶುರು ಮಾಡುವುದು ಹೇಗೆ? ಉತ್ತರ ಕನ್ನಡದ ಶಿಕ್ಷಕರ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ 6ರಿಂದ 9ನೇ ತರಗತಿಗೆ ಪಾಠ ಮಾಡುವವರಿಗೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಕರಾವಳಿಯನ್ನೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲಿನ ಊರುಗಳನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು. ಮುಂಡಗೋಡ, ಹಳಿಯಾಳದಲ್ಲಿ ಮಳೆ ಬಹಳ ಕಡಿಮೆ, ನೆಲವೂ ಬೇರೆ. ಅಲ್ಲಿನವರು ಲೆಕ್ಕಗಳಲ್ಲಿ ತಮ್ಮ ಊರಿನ ಅಂಕಿ ಹಾಕಿಕೊಳ್ಳಬೇಕು.

ಮೊದಲು ಪಾಠ ಹೇಳಿ ಆಮೇಲೆ ಪ್ರಶ್ನೆ ಕೇಳಿದರೆ ಸಾಲದೇ?

ಪರೀಕ್ಷೆಗೆ ಸಾಲುತ್ತದೆ. "ಮಣ್ಣು ಮತ್ತು ಶಿಲೆಗಳ ರಂಧ್ರಗಳಲ್ಲಿ ಸಂಗ್ರಹವಾದ ನೀರೇ ಅಂತರ್ಜಲ" ಎಂಬುದನ್ನು ಯಾವ ಮಗುವಾದರೂ ಬಾಯಿಪಾಠ ಮಾಡಿ ಬರೆಯುತ್ತದೆ. ಅದೇ ಮಗುವಿಗೆ ಬಾವಿಯನ್ನು ಸೀಳಿದ ಹಾಗೆ ಚಿತ್ರ ಬರೆ ಎಂದರೆ ನೆಲದಡಿ ಒಂದು ಕೆರೆ ಮೂಡುತ್ತದೆ. ವಾಕ್ಯ ನೋಟ್‌ಬುಕ್ಕಿಗೆ, ಕೆರೆ ನಂಬಿಕೆಗೆ. ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇರುತ್ತವೆ.

ನಮ್ಮ ಕಡೆಯ ಮಕ್ಕಳಿಗೆ ಪೇಟೆಯ ಮಕ್ಕಳಿಗಿಲ್ಲದ ಒಂದು ಅನುಕೂಲ ಇದೆ. ಬಾವಿ ತೋಡುವುದನ್ನು, ಬೇಸಿಗೆಯಲ್ಲಿ ಹೂಳು ತೆಗೆಯುವುದನ್ನು, ಗೋಡೆಯ ಸಂದಿಯಿಂದ ನೀರು ಜಿನುಗುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಅವರ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಸರಿಯಾದ ನೋಟದಿಂದಲೇ ಹುಟ್ಟಿದವು. ಆ ನೋಟ ಎಲ್ಲಿಯವರೆಗೆ ಸರಿ ಎಂದು ಮೊದಲು ಒಪ್ಪಿಕೊಂಡು, ಎಲ್ಲಿ ಕೈಕೊಡುತ್ತದೆ ಎಂದು ಅವರಿಗೇ ಕಾಣುವ ಹಾಗೆ ಮಾಡುವುದು ಶಿಕ್ಷಕರ ಕೆಲಸ. "ತಪ್ಪು, ಅಳಿಸು" ಎಂದರೆ ಕಲ್ಪನೆ ಅಳಿಯುವುದಿಲ್ಲ, ಅಡಗಿಕೊಳ್ಳುತ್ತದೆ.

ಮಕ್ಕಳ ತಲೆಯಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ?

ಚಿತ್ರ ಬರೆಸಿ. ಪುಸ್ತಕ ಮುಚ್ಚಿಸಿ, ಪೆನ್ಸಿಲ್ ಮಾತ್ರ ಕೊಡಿ, 15 ನಿಮಿಷ. ಹೇಳಬೇಕಾದ ಮಾತು ಹೆಚ್ಚುಕಡಿಮೆ ಹೀಗಿರಲಿ: "ನಿಮ್ಮ ಮನೆಯ ಬಾವಿಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದರೆ ಹೇಗೆ ಕಾಣುತ್ತದೆ? ಬಾವಿ, ಅದರ ಆಚೀಚೆ ಇಪ್ಪತ್ತು ಹೆಜ್ಜೆ ನೆಲ, ಪಕ್ಕದ ಗುಡ್ಡ ಅಥವಾ ಗದ್ದೆ ಬರೆಯಿರಿ. ನೀರು ಎಲ್ಲೆಲ್ಲಿದೆ ತೋರಿಸಿ. ಬಾವಿಗೆ ಯಾವ ಕಡೆಯಿಂದ ಬರುತ್ತದೆ, ಬಾಣ ಹಾಕಿ." ಹಾಳೆಯ ಎಡಕ್ಕೆ ಆಗಸ್ಟ್ ತಿಂಗಳ ಬಾವಿ, ಬಲಕ್ಕೆ ಏಪ್ರಿಲ್ ತಿಂಗಳ ಬಾವಿ.

"ಅಂತರ್ಜಲದ ಚಿತ್ರ ಬರೆಯಿರಿ" ಎಂದು ಮಾತ್ರ ಹೇಳಬೇಡಿ. ಹಾಗೆಂದರೆ ಪುಸ್ತಕದ ಜಲಚಕ್ರ ಇದ್ದ ಹಾಗೇ ಬರುತ್ತದೆ, ಮೋಡ, ಸೂರ್ಯ, ಬಾಣಗಳ ಸಮೇತ. ನೀಲಿ ಬಣ್ಣವನ್ನೂ ಕೊಡಬೇಡಿ. ನೀಲಿ ಕೈಯಲ್ಲಿದ್ದರೆ ಒದ್ದೆ ಮಣ್ಣು ಎಂದು ಮನಸ್ಸಿನಲ್ಲಿ ಇದ್ದವರೂ ಕೆರೆ ಬಳಿದುಬಿಡುತ್ತಾರೆ.

ಕೆಲವರಿಗೆ ಸೀಳಿದ ನೋಟ ಬರೆಯಲು ಬಾರದು. ಅದು ಚಿತ್ರದ ತೊಡಕು, ಅಂತರ್ಜಲದ್ದಲ್ಲ. ರಸ್ತೆಗೆ ಗುಡ್ಡ ಕಡಿದ ಜಾಗದ ಒಂದು ಫೋಟೋ ತೋರಿಸಿದರೆ ದಾರಿ ಸಿಗುತ್ತದೆ. ಬರೆದಾದ ಮೇಲೆ ಪಕ್ಕ ಕೂತು "ಈ ಗೆರೆ ಏನು? ಈ ಜಾಗಕ್ಕೆ ಕೈ ಹಾಕಿದರೆ ಕೈಗೆ ಏನು ತಾಗುತ್ತದೆ?" ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಬರುವ ಉತ್ತರ ಚಿತ್ರಕ್ಕಿಂತ ಹೆಚ್ಚು ಹೇಳುತ್ತದೆ. ಅಂಕ ಹಾಕಬೇಡಿ, ಹಾಳೆಗಳನ್ನು ತೆಗೆದಿಡಿ.

ಮನೆಯಲ್ಲಿ ಕೊಂಕಣಿ, ನವಾಯತಿ, ಹಾಲಕ್ಕಿ ಕನ್ನಡ ಆಡುವ ಮಕ್ಕಳು ಮನೆಯ ಮಾತಿನಲ್ಲೇ ವಿವರಿಸಲಿ. ಪುಸ್ತಕದ ಪದ ಹುಡುಕುತ್ತ ಕೂತರೆ ವಿಚಾರ ಕೈತಪ್ಪುತ್ತದೆ.

ಸಾಮಾನ್ಯವಾಗಿ ಯಾವ ಕಲ್ಪನೆಗಳು ಬರುತ್ತವೆ? ಅವುಗಳಲ್ಲಿ ಸರಿ ಎಷ್ಟು?

*ನೆಲದಡಿ ಕೆರೆ.* ಅತಿ ಹೆಚ್ಚು ಸಿಗುವುದು ಇದೇ. ಇದಕ್ಕೆ ಪಠ್ಯಪುಸ್ತಕದ ಚಿತ್ರಗಳೂ ಕಾರಣ, ಅವುಗಳಲ್ಲಿ ಅಂತರ್ಜಲ ಎಂದರೆ ಒಂದು ನೀಲಿ ಪಟ್ಟಿ. ಸರಿಯಾದ ಭಾಗ: ಒಂದು ಮಟ್ಟದ ಕೆಳಗೆ ಎಲ್ಲ ಕಡೆ ನೀರು ತುಂಬಿರುತ್ತದೆ. ತಪ್ಪಿದ ಭಾಗ: ಅಲ್ಲಿ ಖಾಲಿ ಜಾಗ ಇಲ್ಲ, ಮಣ್ಣು-ಕಲ್ಲಿನ ಕಣಗಳ ನಡುವೆ ನೀರಿದೆ.

*ಪಾತಾಳಗಂಗೆ.* ನೆಲದಡಿ ಹೊಳೆ ಹರಿಯುತ್ತದೆ ಎನ್ನುವವರು. ನೀರು ಚಲಿಸುತ್ತದೆ ಎಂಬುದು ಸರಿ, ಬಹಳ ಒಳ್ಳೆಯ ಆರಂಭ. ಮೇಘಾಲಯದ ಸುಣ್ಣಕಲ್ಲಿನ ಗುಹೆಗಳಲ್ಲಿ ನೆಲದಡಿ ಹೊಳೆ ನಿಜಕ್ಕೂ ಹರಿಯುತ್ತದೆ, ಇದನ್ನು ಮಕ್ಕಳಿಗೆ ಹೇಳಿ. ನಮ್ಮ ಕಡೆ ಹೆಚ್ಚಾಗಿ ಅದು ಕಣಗಳ ಸಂದಿಯಲ್ಲಿ ತೆವಳಿಕೊಂಡು ಹೋಗುತ್ತದೆ.

*ಬಾವಿಗೆ ಬಿದ್ದ ಮಳೆಯೇ ಬಾವಿಯ ನೀರು.* ಇದನ್ನು ವಾದದಿಂದ ಅಲ್ಲ, ಲೆಕ್ಕದಿಂದ ಬಿಡಿಸಿ. 2 ಮೀಟರ್ ಅಗಲದ ಬಾವಿಯ ಬಾಯಿ ಸುಮಾರು 3.14 ಚದರ ಮೀಟರ್. ವರ್ಷಕ್ಕೆ 3,000 ಮಿ.ಮೀ. ಮಳೆ ಬಿದ್ದರೂ ನೇರ ಒಳಗೆ ಬೀಳುವುದು 9,420 ಲೀಟರ್. ಮನೆಗೆ ದಿನಕ್ಕೆ 500 ಲೀಟರ್ ಎತ್ತಿದರೆ ಮೂರು ವಾರವೂ ಬಾರದು. ಲೆಕ್ಕ ಮುಗಿದ ಕೂಡಲೇ "ಹಾಗಾದರೆ ಉಳಿದದ್ದು ಎಲ್ಲಿಂದ?" ಎಂದು ಮಕ್ಕಳೇ ಕೇಳುತ್ತಾರೆ. ಪಾಠ ಅಲ್ಲಿಂದ ತಾನಾಗಿ ನಡೆಯುತ್ತದೆ.

*ಸಮುದ್ರದ ನೀರು ಹೊಯ್ಗೆಯಲ್ಲಿ (ಮರಳಿನಲ್ಲಿ) ಸೋಸಿ ಸಿಹಿಯಾಗಿ ಬರುತ್ತದೆ.* ಕಡಲ ದಂಡೆಯ ಶಾಲೆಗಳಲ್ಲಿ ಮಾತ್ರ ಸಿಗುವ ಕಲ್ಪನೆ. ಅಲೆಯಿಂದ ನೂರಾರು ಹೆಜ್ಜೆ ದೂರದ ಬಾವಿಯಲ್ಲಿ ಸಿಹಿನೀರು ಕಂಡವರಿಗೆ ಬೇರೆ ಏನು ತೋಚಬೇಕು? ಇದಕ್ಕೆ ಕೆಳಗೆ ಪ್ರತ್ಯೇಕ ಉತ್ತರ ಇದೆ.

*ನೆಲ ಸೋಸಿದ ನೀರು ಶುದ್ಧ.* ಕೆಸರು ನಿಲ್ಲುತ್ತದೆ, ದಪ್ಪ ಪದರದ ಹೊಯ್ಗೆಯಲ್ಲಿ ರೋಗಾಣುಗಳೂ ತಕ್ಕಮಟ್ಟಿಗೆ ನಿಲ್ಲುತ್ತವೆ. ಕರಗಿದ ಉಪ್ಪು, ಗೊಬ್ಬರದ ನೈಟ್ರೇಟ್ ನಿಲ್ಲುವುದಿಲ್ಲ. ಚಿರೆಕಲ್ಲಿನ (ಜಂಬಿಟ್ಟಿಗೆ, ಲ್ಯಾಟರೈಟ್) ದೊಡ್ಡ ತೂತುಗಳಲ್ಲಿ ನೀರು ಬೇಗ ದಾಟುವುದರಿಂದ ಸೋಸುವಿಕೆ ಇನ್ನೂ ಕಡಿಮೆ.

"ಅಕ್ಕೋರೆ, ನಾನೇ ನೋಡಿದ್ದೇನೆ, ಬಾವಿಗೆ ಒಂದೇ ಕಡೆಯಿಂದ ನೀರು ಬರುತ್ತದೆ" ಎನ್ನುವ ಮಗುವಿಗೆ ಏನು ಹೇಳಲಿ?

"ಹೌದು, ನೀನು ನೋಡಿದ್ದು ಸರಿ" ಎನ್ನಿ. ಜಲದ ಕಣ್ಣು, ಒರತೆ, ಸೆಲೆ ಎಂದು ನಾವು ಕರೆಯುವುದು ಕಣ್ಣಿಗೆ ಕಾಣುವ ಸಂಗತಿ. ಚಿರೆಕಲ್ಲಿನೊಳಗೆ ಕೊಳವೆಯಂಥ ತೂತುಗಳಿವೆ, ಅದರ ಕೆಳಗೆ ನೀರನ್ನು ಬಹಳ ನಿಧಾನ ಬಿಡುವ ಶೇಡಿ ಎಂಬ ನುಣುಪು ಜೇಡಿಮಣ್ಣಿದೆ. ಇಳಿದು ಬಂದ ನೀರು ಶೇಡಿಯ ಮೇಲೆ ತಡೆದು ಅಡ್ಡಕ್ಕೆ ಹರಿದು, ತೂತು ದೊಡ್ಡದಿರುವ ಕಡೆ ಬಾವಿಗೆ ಬೀಳುತ್ತದೆ. ಉಳಿದ ಗೋಡೆಯಿಂದಲೂ ನೀರು ಬರುತ್ತಿರುತ್ತದೆ, ಆದರೆ ಜಿನುಗು ತೆಳುವಾದ್ದರಿಂದ ಗಮನಕ್ಕೆ ಬರುವುದಿಲ್ಲ.

ಮುಂದಿನ ಪ್ರಶ್ನೆ: "ಆ ಕಣ್ಣಿನ ಹಿಂದೆ ಅಗೆಯುತ್ತ ಹೋದರೆ ಏನು ಸಿಗುತ್ತದೆ?" ಕೆಲವರು ಕೊಳವೆ ಎನ್ನುತ್ತಾರೆ, ಕೆಲವರು ಕೆರೆ. ಉತ್ತರ ಹೇಳಿಬಿಡಬೇಡಿ, ಚಿರೆಕಲ್ಲಿನ ಚೂರು ಕೈಗೆ ಕೊಡಿ. ಇಡೀ ಕಲ್ಲು 20 ಕೆ.ಜಿ. ಮೀರುವುದುಂಟು, ಅಡುಗೆಮನೆಯ ತಕ್ಕಡಿಗೆ ಭಾರ. 1ರಿಂದ 2 ಕೆ.ಜಿ. ತುಂಡು ಸಾಕು. ಎರಡು ದಿನ ಬಿಸಿಲಿಗಿಟ್ಟು ತೂಗಿ, ರಾತ್ರಿಯಿಡೀ ನೀರಲ್ಲಿ ಮುಳುಗಿಸಿ, ಮೇಲ್ಮೈ ಬಟ್ಟೆಯಲ್ಲಿ ಒರೆಸಿ ಮತ್ತೆ ತೂಗಿ. ಪಕ್ಕದಲ್ಲಿ ಅಷ್ಟೇ ತೂಕದ ಗ್ರಾನೈಟ್ ತುಂಡಿಗೂ ಹೀಗೇ ಮಾಡಿ. ಗ್ರಾನೈಟಿನ ತೂಕ ಶೇ. 1ರಷ್ಟೂ ಏರುವುದಿಲ್ಲ, ಚಿರೆಕಲ್ಲಿನದು ಎದ್ದು ಕಾಣುವಷ್ಟು ಏರುತ್ತದೆ. ಮುಳುಗಿಸಿದಾಗ ಏಳುವ ಗುಳ್ಳೆಗಳತ್ತ ಗಮನ ಸೆಳೆಯಿರಿ: ಗಾಳಿ ಹೊರಗೆ, ನೀರು ಒಳಗೆ.

ರಂಧ್ರ ಹೆಚ್ಚಿದ್ದರೆ ನೀರೂ ಹೆಚ್ಚು ಸಿಗುತ್ತದಲ್ಲವೇ?

ಇದು ಮಕ್ಕಳ ಪ್ರಶ್ನೆ ಮಾತ್ರವಲ್ಲ, ಶಿಕ್ಷಕರದ್ದೂ ಹೌದು. ಒಂದು ಪಿರಿಯಡ್ಡಿನ ಪ್ರಯೋಗ ಇದನ್ನು ಬಿಡಿಸುತ್ತದೆ.

ಒಂದೇ ಅಳತೆಯ ಮೂರು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗಳ ಮೇಲ್ಭಾಗ ಕತ್ತರಿಸಿ. ತಳದಲ್ಲಿ ಸಣ್ಣ ಮೊಳೆಯಿಂದ ನಾಲ್ಕು ತೂತು ಮಾಡಿ, ಒಳಗೆ ಪಂಚೆ ಬಟ್ಟೆಯ ತುಂಡು ಹಾಸಿ, ಹೊರಗಿನಿಂದ ತೂತುಗಳಿಗೆ ಟೇಪ್ ಅಂಟಿಸಿ. ಒಂದಕ್ಕೆ 400 ಮಿ.ಲೀ. ಸಣ್ಣ ಜಲ್ಲಿ, ಇನ್ನೊಂದಕ್ಕೆ ಅಷ್ಟೇ ತೊಳೆದು ಒಣಗಿಸಿದ ಹೊಯ್ಗೆ, ಮೂರನೆಯದಕ್ಕೆ ಪುಡಿ ಮಾಡಿದ ಶೇಡಿ. ದೀಪಾವಳಿಗೆ ಗೋಡೆಗೆ ಕೆಮ್ಮಣ್ಣು, ಶೇಡಿ ಬಳಿಯುವ ಮನೆಯ ಮಕ್ಕಳೇ ಅದನ್ನು ತಂದುಕೊಡುತ್ತಾರೆ. ಅಳತೆಯ ಲೋಟದಿಂದ ನೀರು ಹಾಕುತ್ತ, ಮೇಲ್ಮೈ ಹೊಳೆಯುವವರೆಗೆ ಎಷ್ಟು ಹಿಡಿಯಿತು ಬರೆಯಿರಿ. ಆಮೇಲೆ ಟೇಪ್ ಕಿತ್ತು, ಹತ್ತು ನಿಮಿಷದಲ್ಲಿ ಎಷ್ಟು ಇಳಿಯಿತು ಬರೆಯಿರಿ.

ಜಲ್ಲಿ ಮತ್ತು ಹೊಯ್ಗೆ ತಮ್ಮ ಅಳತೆಯ ಮೂರನೇ ಒಂದು ಭಾಗ ಅಥವಾ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತವೆ. ಜಲ್ಲಿ ಬಹುತೇಕ ಎಲ್ಲವನ್ನೂ ವಾಪಸ್ ಕೊಡುತ್ತದೆ, ಹೊಯ್ಗೆ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಶೇಡಿ ಇವೆರಡರಷ್ಟೇ ಅಥವಾ ಅದಕ್ಕೂ ಹೆಚ್ಚು ಕುಡಿದು ಹನಿಯನ್ನೂ ಸರಿಯಾಗಿ ಬಿಡುವುದಿಲ್ಲ. ಹಿಡಿಯುವ ಗುಣ ಬೇರೆ, ಬಿಟ್ಟುಕೊಡುವ ಗುಣ ಬೇರೆ. ಇದು ಅರ್ಥವಾದರೆ ಮುಂದಿನ ಅರ್ಧ ಪಾಠ ಸಲೀಸು.

ಎಡವುವ ಜಾಗ: ನೀರನ್ನು ದಬದಬ ಸುರಿದರೆ ಒಳಗೆ ಗಾಳಿ ಸಿಕ್ಕಿಹಾಕಿಕೊಂಡು ಲೆಕ್ಕ ಕಡಿಮೆ ಬರುತ್ತದೆ. ಬಾಟಲಿಯ ಒಂದು ಬದಿಯಿಂದ ನಿಧಾನ ಹಾಕಿ. ಶೇಡಿಗೆ ಸಮಯ ಬೇಕು, ಅದನ್ನು ಹಿಂದಿನ ದಿನವೇ ನೆನೆಸಿಡುವುದು ಒಳ್ಳೆಯದು.

ತರಗತಿಯಲ್ಲಿ ಇಡುವಂಥ ದೊಡ್ಡ ಮಾದರಿ ಮಾಡುವುದು ಹೇಗೆ?

30 × 20 × 20 ಸೆಂ.ಮೀ. ಗಾಜಿನ ಮೀನಿನ ತೊಟ್ಟಿ ಸಾಕು. ತೆಳು ಪ್ಲಾಸ್ಟಿಕ್ ಡಬ್ಬ ಹೊಯ್ಗೆಯ ಭಾರಕ್ಕೆ ಹೊಟ್ಟೆ ಉಬ್ಬಿಸಿ ಬಿರಿಯುತ್ತದೆ.

ತಳಕ್ಕೆ ಕಲಸಿದ ಶೇಡಿಯನ್ನು 2 ಸೆಂ.ಮೀ. ದಪ್ಪಕ್ಕೆ ಮೆತ್ತಿ, ಗಾಜಿನ ಅಂಚಿಗೆ ಒದ್ದೆ ಬೆರಳಲ್ಲಿ ಒತ್ತಿ. ಅಂಚಿನಲ್ಲಿ ಸಂದಿ ಉಳಿದರೆ ನೀರು ಅಲ್ಲೇ ಇಳಿದು ಶೇಡಿಯ ಕೆಲಸ ಕಾಣುವುದೇ ಇಲ್ಲ. ಮೇಲೆ ದಪ್ಪ ಹೊಯ್ಗೆ, ಒಂದು ತುದಿಯಲ್ಲಿ 12 ಸೆಂ.ಮೀ., ಇನ್ನೊಂದು ತುದಿಗೆ 4 ಸೆಂ.ಮೀ. ಆಗುವಂತೆ ಇಳಿಜಾರು. ಒಟ್ಟು 5 ಲೀಟರ್ ಹೊಯ್ಗೆ ಹಿಡಿಯುತ್ತದೆ, ತೂಕ ಸುಮಾರು 8 ಕೆ.ಜಿ. ಎತ್ತರದ ಕಡೆ ಗುಡ್ಡ, ತಗ್ಗು ಗದ್ದೆ.

ಬಾವಿಗೆ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ. ಅರ್ಧ ಪೈಪಿನ ತೆರೆದ ಬದಿಯನ್ನು ಗಾಜಿಗೆ ಒತ್ತಿ ಅಂಟಿಸಿದರೆ ಒಳಗಿನ ನೀರಿನ ಮಟ್ಟ ಹೊರಗಿನಿಂದ ಕಾಣುತ್ತದೆ. ಕೆಳಗಿನ 5 ಸೆಂ.ಮೀ.ಗೆ ಬಿಸಿ ಮೊಳೆಯಿಂದ ತೂತು ಹಾಕಿ, ಹೊಯ್ಗೆ ನುಗ್ಗದಂತೆ ಹೊರಗೆ ತೆಳು ಬಟ್ಟೆ ಸುತ್ತಿ. ಹ್ಯಾಂಡ್‌ವಾಶ್ ಬಾಟಲಿಯ ಪಂಪೇ ಬಾವಿಯ ಪಂಪು. ಮಳೆಗೆ ಮುಚ್ಚಳದಲ್ಲಿ ಹತ್ತು ತೂತು ಹಾಕಿದ ಅರ್ಧ ಲೀಟರ್ ಬಾಟಲಿ.

ಮಳೆಯನ್ನು ಗುಡ್ಡದ ತುದಿಗೆ ಮಾತ್ರ ಸುರಿಸಿ. ಸುರಿಸುವ ಮೊದಲು ಕೇಳಿ: "ಬಾವಿಗೆ ಒಂದು ಹನಿಯೂ ಹಾಕುವುದಿಲ್ಲ. ಬಾವಿಯಲ್ಲಿ ನೀರು ಬರುತ್ತದೆಯೇ? ಎಷ್ಟು ಎತ್ತರಕ್ಕೆ?" ಪ್ರತಿಯೊಬ್ಬರೂ ಗಾಜಿನ ಮೇಲೆ ಪೆನ್ನಿನಿಂದ ತಮ್ಮ ಗೆರೆ ಎಳೆಯಲಿ. ಊಹೆ ಹಾಕದೆ ನೋಡಿದ ಪ್ರಯೋಗ ಬರೀ ತಮಾಷೆ.

ಮಾದರಿ ಮಾಡಿದೆವು, ಆದರೆ ನೀರಿನ ಮಟ್ಟವೇ ಕಾಣುತ್ತಿಲ್ಲ. ಯಾಕೆ?

ಹತ್ತಕ್ಕೆ ಎಂಟು ಸಲ ಕಾರಣ ನುಣುಪು ಹೊಯ್ಗೆ. ಕಡಲ ದಂಡೆಯ ನುಣ್ಣನೆ ಮರಳಿನ ಸಂದಿಗಳು ಕಿರಿದು, ಅವು ನೀರನ್ನು ಹತ್ತಾರು ಸೆಂ.ಮೀ. ಮೇಲಕ್ಕೆ ಎಳೆದುಕೊಳ್ಳುತ್ತವೆ. ನಿಮ್ಮ ಗುಡ್ಡವೇ 12 ಸೆಂ.ಮೀ., ಪೂರ್ತಿ ಒದ್ದೆಯಾಗಿ ಕಾಣದೆ ಏನು? ಹೊಯ್ಗೆಯನ್ನು ಸೊಳ್ಳೆ ಜಾಲರಿಯಲ್ಲಿ ಜರಡಿ ಹಿಡಿದು, ಮೇಲೆ ಉಳಿದ ದಪ್ಪ ಕಾಳನ್ನು ಮಾತ್ರ ಬಳಸಿ. ದಂಡೆಯಿಂದ ಮರಳು ತರಲೂ ಹೋಗಬೇಡಿ, ಮನೆ ಕಟ್ಟುವಲ್ಲಿ ಒಂದು ಬಕೆಟ್ ಕೇಳಿದರೆ ಕೊಡುತ್ತಾರೆ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ದೂಳು ಹೋಗುವವರೆಗೆ ನಾಲ್ಕೈದು ಸಲ ತೊಳೆಯಿರಿ, ಇಲ್ಲದಿದ್ದರೆ ಬಾವಿಯ ತುಂಬ ಬೂದಿ ನೀರು.

ಜಲ್ಲಿ ಹಾಕಿದವರಿಗೆ ಇನ್ನೊಂದು ತೊಂದರೆ: ಪಂಪು ಒತ್ತಿದರೂ ಮಟ್ಟ ಇಳಿದದ್ದೇ ಗೊತ್ತಾಗುವುದಿಲ್ಲ, ಕ್ಷಣದಲ್ಲಿ ತುಂಬಿಕೊಳ್ಳುತ್ತದೆ.

ನೀರಿಗೆ ನೀಲಿ ಬಣ್ಣ ಹಾಕುವ ಆಸೆಯನ್ನು ತಡೆದುಕೊಳ್ಳಿ. ಬಣ್ಣ ಬೇಕಾಗುವುದು ಕೊಳೆ ಹರಡುವುದನ್ನು ತೋರಿಸುವಾಗ ಮಾತ್ರ. ಗುಡ್ಡದ ಮೇಲೆ ಐದಾರು ಹನಿ ಕೆಂಪು ಶಾಯಿ ಬಿಟ್ಟು ಮಳೆ ಸುರಿಸಿ, ಪಂಪು ಒತ್ತುತ್ತ ಇರಿ. ಅರಿಶಿನ, ಕುಂಕುಮ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಹೊಯ್ಗೆಯ ಮೇಲೆಯೇ ಕೂರುತ್ತವೆ.

ಇಷ್ಟು ಮಳೆ ಸುರಿದರೂ ಏಪ್ರಿಲ್‌ನಲ್ಲಿ ನಮ್ಮ ಬಾವಿ ಯಾಕೆ ಬತ್ತುತ್ತದೆ?

ಉತ್ತರ ಕನ್ನಡದಲ್ಲಿ ಅಂತರ್ಜಲ ಪಾಠದ ಜೀವಾಳ ಈ ಪ್ರಶ್ನೆ. "ಮಳೆ ಹೆಚ್ಚಾದರೆ ಅಂತರ್ಜಲ ಹೆಚ್ಚು" ಎಂಬ ಕಲ್ಪನೆ ಇಲ್ಲಿ ಕೈಕೊಡುತ್ತದೆ, ಮತ್ತು ಅದನ್ನು ಗುಣಾಕಾರ ಬಲ್ಲ ಮಗು ತಾನೇ ಕಂಡುಹಿಡಿಯಬಹುದು.

ದೇಶದ ಅಂತರ್ಜಲ ಲೆಕ್ಕಾಚಾರದಲ್ಲಿ ಚಿರೆಕಲ್ಲಿಗೆ ಬಳಸುವ ಅಂಕಿ ಶೇ. 2.5. ಅಂದರೆ ನೀರು ತುಂಬಿದ 100 ಘನ ಮೀಟರ್ ಚಿರೆಕಲ್ಲಿನ ನೆಲ ಬರಿದಾದಾಗ ಬಿಟ್ಟುಕೊಡುವುದು 2.5 ಘನ ಮೀಟರ್ ನೀರು. ಈಗ 1 ಹೆಕ್ಟೇರ್ ನೆಲದಡಿ ನೀರಿನ ಮಟ್ಟ ಮಳೆಗಾಲದಲ್ಲಿ 8 ಮೀಟರ್ ಏರಿತು ಎನ್ನಿ. 10,000 × 8 × 0.025 = 2,000 ಘನ ಮೀಟರ್, ಅಂದರೆ 20 ಲಕ್ಷ ಲೀಟರ್. ಅದೇ ಹೆಕ್ಟೇರಿಗೆ 3,000 ಮಿ.ಮೀ. ಮಳೆಯಲ್ಲಿ ಬಿದ್ದದ್ದು 30,000 ಘನ ಮೀಟರ್, 3 ಕೋಟಿ ಲೀಟರ್. ಬಾವಿ 8 ಮೀಟರ್ ಏರಲು ಬೇಕಾದದ್ದು 200 ಮಿ.ಮೀ. ಮಳೆಯಷ್ಟೇ ನೀರು. ಜಾಗ ತುಂಬಿದ ಮೇಲೆ ಬಿದ್ದದ್ದು ತುಂಬಿದ ಕೊಡಕ್ಕೆ ಸುರಿದ ಹಾಗೆ, ಹಳ್ಳ ಹಿಡಿದು ಹೊಳೆ ಸೇರುತ್ತದೆ.

ಲೆಕ್ಕದ ಇನ್ನೊಂದು ಬದಿಯೂ ಇದೆ. ಇಲ್ಲಿನ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆಮೇಲೆ ಎಂಟು ತಿಂಗಳು ಗುಡ್ಡದೊಳಗಿನ ನೀರು ಶೇಡಿಯ ಮೇಲೆ ಜಾರುತ್ತ ತಗ್ಗಿಗೆ ಇಳಿಯುತ್ತಲೇ ಇರುತ್ತದೆ, ಯಾರೂ ಪಂಪು ಹಾಕದಿದ್ದರೂ. ಬೇಣದ (ಹುಲ್ಲುಗುಡ್ಡದ) ಮೇಲಿನ ಬಾವಿ ಮೊದಲು ಬತ್ತಿ, ಕೆಳಗಿನ ಅಡಿಕೆ ತೋಟದ ಬಸಿಗಾಲುವೆಯಲ್ಲಿ ನೀರು ಹರಿಯುತ್ತಿರುವುದಕ್ಕೆ ಇದೇ ಕಾರಣ. ಆ ಕಾಲುವೆಯ ನೀರೂ ಅಂತರ್ಜಲವೇ, ಹೊರಗೆ ಬಂದಿದೆ ಅಷ್ಟೇ. ಬೇಸಿಗೆಯ ಹಳ್ಳವೂ ಹಾಗೇ. ಹಳ್ಳದ ನೀರು, ಬಾವಿಯ ನೀರು ಎರಡು ಬೇರೆ ಎಂದುಕೊಂಡ ಮಕ್ಕಳಿಗೆ ಇದು ದೊಡ್ಡ ತಿರುವು.

ತೊಟ್ಟಿಯಲ್ಲಿ ತೋರಿಸಬೇಕೆಂದರೆ ತಗ್ಗಿನ ತುದಿಯ ನೀರನ್ನು ಸಣ್ಣ ರಬ್ಬರ್ ನಳಿಗೆಯಿಂದ ನಿಧಾನ ಹೊರಗೆ ಹರಿಯಬಿಡಿ. ಪಂಪು ಮುಟ್ಟಬೇಡಿ. ಗುಡ್ಡದ ಬಾವಿ ತಾನಾಗಿ ಇಳಿಯುತ್ತದೆ.

ಸಮುದ್ರದ ಪಕ್ಕದ ಬಾವಿಯಲ್ಲಿ ಸಿಹಿನೀರು ಹೇಗೆ? ಹೊಯ್ಗೆ ಉಪ್ಪು ಸೋಸುವುದಿಲ್ಲ ಎಂದು ತೋರಿಸುವುದು ಹೇಗೆ?

1 ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿದರೆ ಸಮುದ್ರದ ಉಪ್ಪಿನಷ್ಟಾಯಿತು. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಅಳೆಯುವ ಮೀಟರಿಗೆ ಇದು ಅಳತೆ ಮೀರಬಹುದು, ಪ್ರಯೋಗಕ್ಕೆ ಲೀಟರಿಗೆ 2 ಗ್ರಾಂ ಸಾಕು. ಹೊಯ್ಗೆ ತುಂಬಿದ ಬಾಟಲಿಯಲ್ಲಿ ಹಾಯಿಸಿ, ಮೊದಲೂ ಆಮೇಲೂ ಅಳೆಯಿರಿ.

ಇಲ್ಲೊಂದು ಬಲೆ ಇದೆ. ಹೊಯ್ಗೆ ತೊಳೆದು ಒದ್ದೆ ಇದ್ದರೆ ಮೊದಲು ಹೊರಬರುವುದು ಸಂದಿಯಲ್ಲಿದ್ದ ಸಿಹಿನೀರು. ಮೀಟರ್ ಕಡಿಮೆ ತೋರಿಸುತ್ತದೆ, ಮಕ್ಕಳು "ಸೋಸಿತು!" ಎಂದು ಕೂಗುತ್ತಾರೆ, ಪಾಠ ಉಲ್ಟಾ ಹೊಡೆಯುತ್ತದೆ. ಕನಿಷ್ಠ 1 ಲೀಟರ್ ಹಾಯಲು ಬಿಟ್ಟು ಕೊನೆಯ ಲೋಟವನ್ನು ಅಳೆಯಿರಿ. ಆಗ ಎರಡೂ ಒಂದೇ.

ಹಾಗಾದರೆ ಸಿಹಿನೀರು ಎಲ್ಲಿಯದು? ಮೇಲಿನಿಂದ ಬಿದ್ದ ಮಳೆಯದು. ಸಿಹಿನೀರು ಹಗುರ, ಉಪ್ಪುನೀರು ಅದಕ್ಕಿಂತ ಶೇ. 2.5ರಷ್ಟು ಭಾರ, ಆದ್ದರಿಂದ ಮಳೆಯ ನೀರು ಹೊಯ್ಗೆಯೊಳಗೆ ಉಪ್ಪುನೀರಿನ ಮೇಲೆ ಕೂತಿರುತ್ತದೆ. ಗಾಜಿನ ಲೋಟದಲ್ಲಿ ಬಣ್ಣ ಹಾಕಿದ ಗಟ್ಟಿ ಉಪ್ಪುನೀರಿಟ್ಟು, ಚಮಚದ ಬೆನ್ನಿನ ಮೇಲೆ ಸಿಹಿನೀರನ್ನು ತೀರ ನಿಧಾನವಾಗಿ ಬಿಟ್ಟರೆ ಎರಡು ಪದರ ನಿಲ್ಲುತ್ತವೆ. ಅವಸರ ಮಾಡಿದರೆ ಬೆರೆತುಹೋಗುತ್ತದೆ.

9ನೇ ತರಗತಿಗೆ ಒಂದು ಅಂಕಿಯನ್ನೂ ಕೊಡಬಹುದು. ಸಿಹಿನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಸಮುದ್ರ ಮಟ್ಟದ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರಬಲ್ಲದು. ಇದನ್ನು ತಿರುಗಿಸಿ ಓದಿ: ಪಂಪು ಹಾಕಿ ಮೇಲಿನ ಮಟ್ಟ ಅರ್ಧ ಮೀಟರ್ ಇಳಿಸಿದರೆ ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 20 ಮೀಟರ್ ಮೇಲೇರಬಹುದು. ಬೇಸಿಗೆಯಲ್ಲಿ ದಂಡೆಯ ಕೆಲವು ಬಾವಿಗಳು ಸವಳಾಗುವುದು ಸಮುದ್ರ ಪಕ್ಕದಿಂದ "ನುಗ್ಗಿ" ಮಾತ್ರವಲ್ಲ, ಕೆಳಗಿನಿಂದ ಎದ್ದೂ ಹೌದು. ಅಘನಾಶಿನಿ, ಕಾಳಿ ಅಳಿವೆಯ ಪಕ್ಕದ ಊರುಗಳಲ್ಲಿ ಗಜನಿಯ (ಉಪ್ಪುನೀರು ಹತ್ತುವ ತಗ್ಗು ಗದ್ದೆಯ) ಕಡೆಯಿಂದ ಬರುವ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಾವಿ ನೀರನ್ನು ಮೀಟರಿನಲ್ಲಿ ನೋಡಿದಾಗ ಹೋಲಿಸಲು: ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಟಿಡಿಎಸ್ ಲೀಟರಿಗೆ 500 ಮಿ.ಗ್ರಾಂ., ಬೇರೆ ನೀರು ಸಿಗದಿದ್ದರೆ 2,000ದವರೆಗೆ. ಟಿಡಿಎಸ್ ಕಡಿಮೆ ಎಂದರೆ ರೋಗಾಣು ಇಲ್ಲ ಎಂದಲ್ಲ. ಪ್ರಯೋಗದ ನೀರನ್ನು ಯಾರೂ ರುಚಿ ನೋಡಬಾರದು.

ಬೋರ್‌ವೆಲ್ ಬಗ್ಗೆ ಹೇಗೆ ಹೇಳುವುದು? ನೀರು ನೋಡುವವರ ವಿಷಯ ಬಂದರೆ?

ಬೋರ್‌ವೆಲ್ ಶೇಡಿಯನ್ನೂ ದಾಟಿ ಗಟ್ಟಿ ಶಿಲೆಗೆ ಇಳಿಯುತ್ತದೆ. ಅಲ್ಲಿ ನೀರಿರುವುದು ಬಿರುಕುಗಳಲ್ಲಿ. "ನೀರಿನ ನರ" ಎಂಬ ಮಾತು ಇಲ್ಲಿ ಬಾವಿಗಿಂತ ಹೆಚ್ಚು ಹೊಂದುತ್ತದೆ, ಹಾಗೆಂದು ಮಕ್ಕಳಿಗೆ ಹೇಳಿ. ಹಾಳೆಯ ಮೇಲೆ ಏಳೆಂಟು ಓರೆಕೋರೆ ಬಿರುಕು ಬರೆದು, ಮೇಲೆ ಕಾಣದಂತೆ ಇನ್ನೊಂದು ಹಾಳೆ ಮುಚ್ಚಿ. ಒಬ್ಬೊಬ್ಬರೂ ಮೇಲಿನ ಅಂಚಿನಲ್ಲಿ ಒಂದು ಜಾಗ ಆರಿಸಿ ನೇರ ಗೆರೆ ಇಳಿಸಲಿ. ಆಮೇಲೆ ಎರಡೂ ಹಾಳೆ ಬೆಳಕಿಗೆ ಹಿಡಿದು ನೋಡಿ. ಪಕ್ಕಪಕ್ಕದ ಎರಡು ಬೋರ್‌ಗಳಲ್ಲಿ ಒಂದರಲ್ಲಿ ನೀರು, ಇನ್ನೊಂದರಲ್ಲಿ ದೂಳು ಬರುವುದು ಯಾಕೆ ಎಂದು ಬೇರೆ ವಿವರಣೆ ಬೇಡ.

ತೆಂಗಿನಕಾಯಿ ಅಥವಾ ಕವಲುಕಡ್ಡಿ ಹಿಡಿದು ನೀರು ನೋಡುವವರು ಊರೂರಲ್ಲಿದ್ದಾರೆ, ನಿಮ್ಮ ತರಗತಿಯ ಮಗುವಿನ ಅಜ್ಜನೇ ಇರಬಹುದು. ಗೇಲಿ ಮಾಡಬೇಡಿ, ಹಾಗೆಂದು ಜಾರಿಕೊಳ್ಳಲೂ ಬೇಡಿ. ನಿಯಂತ್ರಿತ ಪರೀಕ್ಷೆಗಳಲ್ಲಿ ಕಡ್ಡಿಯ ಯಶಸ್ಸು ಆಕಸ್ಮಿಕಕ್ಕಿಂತ ಹೆಚ್ಚು ಎಂದು ಖಚಿತವಾಗಿ ಕಂಡಿಲ್ಲ. ಕೆಲವರಿಗೆ ನೆಲದ ಇಳಿಜಾರು, ಮರ, ಹಳೆಯ ಬಾವಿಗಳ ಅನುಭವ ಚೆನ್ನಾಗಿರುತ್ತದೆ, ಫಲ ಕೊಡುವುದು ಆ ಅನುಭವ. ಮಕ್ಕಳ ಮುಂದಿಡಬೇಕಾದ ಪ್ರಶ್ನೆಗಳು ಎರಡು: ತೋರಿಸದ ಜಾಗದಲ್ಲಿ ತೋಡಿದ್ದರೆ ನೀರು ಸಿಗುತ್ತಿರಲಿಲ್ಲವೇ? ಸಿಗದ ಸಲಗಳನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ? ಕಣಿವೆಯ ತಳದಲ್ಲಿ ಸಾಕಷ್ಟು ಆಳ ತೋಡಿದರೆ ಬಹುತೇಕ ಎಲ್ಲೆಡೆ ನೀರಿದೆ ಎಂದು ಅವರಿಗೆ ಈಗಾಗಲೇ ಗೊತ್ತಿರುವುದರಿಂದ ಉಳಿದದ್ದನ್ನು ಅವರೇ ಯೋಚಿಸುತ್ತಾರೆ.

ಬಾವಿಯ ನೀರಿನ ಮಟ್ಟ ಅಳೆಯುವುದು ಹೇಗೆ? ಅಪಾಯ ಇಲ್ಲವೇ?

ಇದೆ. ಕಟ್ಟೆ ಇಲ್ಲದ ಬಾವಿ, ಕಟ್ಟೆ ಬಿರುಕು ಬಿಟ್ಟ ಬಾವಿ ಬೇಡವೇ ಬೇಡ. ಶೇಡಿ ಒದ್ದೆಯಾದಾಗ ರಾಡಿಯಾಗಿ ಜಾರುತ್ತದೆ, ಮಳೆಗಾಲದಲ್ಲಿ ಅಂಚು ಕುಸಿಯುವುದುಂಟು. ಇಬ್ಬರು ದೊಡ್ಡವರು ಇರಬೇಕು, ಟೇಪ್ ಇಳಿಸುವುದು ದೊಡ್ಡವರೇ, ಓದಿ ಬರೆದುಕೊಳ್ಳುವುದು ಮಕ್ಕಳು. ಯಾವ ಕಾರಣಕ್ಕೂ ಯಾರೂ ಬಾವಿಗೆ ಇಳಿಯಬಾರದು.

ಹಗ್ಗ ಬೇಡ, ಒದ್ದೆಯಾದಾಗ ಅದರ ಉದ್ದ ಬದಲಾಗುತ್ತದೆ. ಫೈಬರ್ ಅಳತೆ ಟೇಪಿನ ತುದಿಗೆ ಸಣ್ಣ ಸ್ಟೀಲ್ ಲೋಟವನ್ನು ಬೋರಲಾಗಿ, ಒಳಗೆ ಒಂದು ನಟ್ಟಿನ ಭಾರ ಸಮೇತ ಕಟ್ಟಿ. ನೀರು ಮುಟ್ಟಿದಾಗ "ಟಪ್" ಎಂದು ಕೇಳುತ್ತದೆ. ಲೋಟದ ಬಾಯಿ ಟೇಪಿನ ಸೊನ್ನೆಗಿಂತ ಎಷ್ಟು ಕೆಳಗಿದೆ ಎಂದು ಮೊದಲೇ ಅಳೆದು ಓದಿಗೆ ಸೇರಿಸಿ. ಕಟ್ಟೆಯ ಮೇಲೆ ಬಣ್ಣದ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಅಳೆಯಿರಿ. ಬಂದ ಅಂಕಿಯಿಂದ ಕಟ್ಟೆಯ ಎತ್ತರ ಕಳೆಯಿರಿ. ಬೆಳಿಗ್ಗೆ, ಪಂಪು ಹಾಕುವ ಮೊದಲು. ಪಂಪು ನಿಲ್ಲಿಸಿದ ಮರುಕ್ಷಣ ಅಳೆದ ಅಂಕಿ ಬಾವಿಯದು, ನೆಲದ್ದಲ್ಲ.

ವಾರಕ್ಕೊಮ್ಮೆ ಆದರೆ ಚೆನ್ನ. ಆಗದಿದ್ದರೆ ಜನವರಿ, ಮಳೆಗೆ ಮುನ್ನ ಏಪ್ರಿಲ್-ಮೇ, ಆಗಸ್ಟ್, ನವೆಂಬರ್. ಕೇಂದ್ರ ಅಂತರ್ಜಲ ಮಂಡಳಿಯೂ ವರ್ಷಕ್ಕೆ ನಾಲ್ಕು ಸಲ ಹೆಚ್ಚುಕಡಿಮೆ ಇದೇ ಹೊತ್ತಿಗೆ ಅಳೆಯುತ್ತದೆ. ಗ್ರಾಫ್ ಬರೆಸುವಾಗ ಸೊನ್ನೆಯನ್ನು ಮೇಲೆ ಇಡಿಸಿ, ಆಳ ಕೆಳಕ್ಕೆ ಹೋಗಲಿ. ಸೊನ್ನೆ ಕೆಳಗಿಟ್ಟರೆ ಬಾವಿ ಬತ್ತಿದಾಗ ಗೆರೆ ಮೇಲೇರಿ ಅರ್ಧ ತರಗತಿ ಗಲಿಬಿಲಿಯಾಗುತ್ತದೆ. ದಂಡೆಗೆ ಹತ್ತಿರದ ಬಾವಿಗಳ ಮಟ್ಟ ಭರತ-ಇಳಿತಕ್ಕೆ ಸ್ವಲ್ಪ ಏರಿಳಿಯಬಹುದು, ಹೊತ್ತನ್ನೂ ಬರೆದಿಡಿ.

ಶಾಲೆಯಲ್ಲಿ ಇಂಗುಗುಂಡಿ ತೋಡಿಸಬಹುದೇ?

ಚಿರೆಕಲ್ಲಿನ ಸಮತಟ್ಟು ಜಾಗದಲ್ಲಿ ಆಗಬಹುದು. ಕಡಿದಾದ ಗುಡ್ಡದಲ್ಲಿ, ಮನೆ ಅಥವಾ ರಸ್ತೆಯ ಮೇಲ್ಭಾಗದಲ್ಲಿ, ಶೇಡಿ ಕಾಣುವ ಕಡೆ ಬೇಡ. ನೀರು ತುಂಬಿದ ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಗುಡ್ಡ ಜಾರಲು ಅದು ಒಂದು ಕಾರಣ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಮಕ್ಕಳು ಎತ್ತಿಯೇ ಎತ್ತುತ್ತಾರೆ. ಅಂತರ್ಜಲಕ್ಕೂ ಅದಕ್ಕೂ ಇರುವ ನಂಟನ್ನು ಹೇಳಿ, ಆದರೆ ತರಗತಿಯಲ್ಲಿ ಆ ಊರಿನ ಅಥವಾ ನೊಂದ ಮನೆಯ ಮಕ್ಕಳಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ.

ಗುಂಡಿ ತೋಡುವ ಮುನ್ನ ಒಂದು ಅಳತೆ ಮಾಡಿಸಿ: ಒಂದು ಅಡಿ ಅಗಲ, ಒಂದು ಅಡಿ ಆಳದ ಕುಳಿಗೆ ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ, ಎರಡನೆಯ ಸಲ ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಮೊದಲ ಸಲದ್ದು ಒಣ ಮಣ್ಣಿನ ದಾಹ, ಅದನ್ನು ನಂಬಬೇಡಿ. ಆಗಸ್ಟ್‌ನಲ್ಲಿ ಅದೇ ಕುಳಿ ಇಳಿಯದೆ ನಿಂತರೆ ನಿರಾಶರಾಗಬೇಡಿ, ನೆಲ ತುಂಬಿದೆ ಎಂದರ್ಥ. ಮೇಲಿನ 8 ಮೀಟರಿನ ಲೆಕ್ಕವನ್ನು ಆಗ ಮತ್ತೆ ತೆಗೆಯಿರಿ.

ಎಷ್ಟು ಪಿರಿಯಡ್ ಬೇಕು?

ಚಿತ್ರಕ್ಕೆ 1, ಚಿತ್ರದ ಮೇಲಿನ ಮಾತಿಗೆ 1, ಬಾಟಲಿ ಮತ್ತು ಕಲ್ಲಿನ ಪ್ರಯೋಗಕ್ಕೆ 1, ತೊಟ್ಟಿಗೆ 1, ಲೆಕ್ಕಕ್ಕೆ 1, ಕೊನೆಗೆ 1. ಸಮಯ ಇಲ್ಲದಿದ್ದರೆ ತೊಟ್ಟಿಯನ್ನು ಬಿಡಿ. ಮಾತಿನ ಪಿರಿಯಡ್ಡನ್ನು ಬಿಡಬೇಡಿ.

ಮಕ್ಕಳಿಗೆ ಅರ್ಥವಾಯಿತು ಎಂದು ತಿಳಿಯುವುದು ಹೇಗೆ?

ತೆಗೆದಿಟ್ಟ ಹಾಳೆಯನ್ನು ವಾಪಸ್ ಕೊಟ್ಟು, ಅದನ್ನು ಅಳಿಸದೆ ಬೇರೆ ಬಣ್ಣದ ಪೆನ್ಸಿಲಿನಿಂದ ತಿದ್ದಲು ಹೇಳಿ. ಪಕ್ಕದಲ್ಲಿ "ಯಾಕೆ ಬದಲಾಯಿಸಿದೆ" ಎಂದು ಒಂದು ಸಾಲು. ಕೆರೆಯ ಜಾಗದಲ್ಲಿ ಚುಕ್ಕೆಗಳು ಬಂದರೆ ಸಾಲದು, ಚುಕ್ಕೆಗಳ ನಡುವೆ ಏನಿದೆ ಎಂದು ಕೇಳಿ. "ಮೇಲೆ ಗಾಳಿ, ಕೆಳಗೆ ನೀರು" ಎಂದರೆ ಚೆನ್ನಾಗಿ ಹಿಡಿದಿದ್ದಾರೆ.

ಆಮೇಲೆ ಪಾಠದಲ್ಲಿ ಬಾರದ ಒಂದು ಸಂಗತಿ ಕೊಡಿ: "ಪಕ್ಕದ ಮನೆಯವರು ನಿಮ್ಮ ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಇನ್ನೂ ಆಳದ ಬಾವಿ ತೋಡಿ ದಿನವಿಡೀ ಪಂಪು ಹಾಕಿದರು. ನಿಮ್ಮ ಬಾವಿಗೆ ಏನಾಗುತ್ತದೆ? ಚಿತ್ರ ಬರೆದು ಹೇಳಿ." ಎರಡೂ ಬಾವಿಯ ನಡುವೆ ನೀರಿನ ಮಟ್ಟವನ್ನು ಪಂಪಿನ ಕಡೆಗೆ ಬಾಗಿಸಿ ಬರೆದ ಮಗುವಿಗೆ ವ್ಯಾಖ್ಯೆ ಬಾರದಿದ್ದರೂ ಪೂರ್ತಿ ಅಂಕ ಕೊಡಿ. ಇನ್ನೂ ಕೊಳವೆ ಬರೆಯುವವರು ಇದ್ದೇ ಇರುತ್ತಾರೆ. ಅವರನ್ನು ಮುಂದಿನ ಬೇಸಿಗೆಯ ಬಾವಿ ಅಳತೆಯ ತಂಡಕ್ಕೆ ಮೊದಲು ಸೇರಿಸಿಕೊಳ್ಳಿ.